ರೋಗಿಯ ಹೆಸರೂ ಖಾತೆಗೆ ಬರಲಿ

(ಹಾನಗಲ್ಲ ತಾಲೂಕಿನ ಆಡೂರಿನಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಕ್ಷದವರು ಸಭೆ ಕರೆದರೆಂದರೆ ಕೂಲಿಯ ಮಾತು, ಬೆಲೆಯೇರಿಕೆಯ ಮಾತು ಬರುತ್ತದೆಂದು ತಿಳಿದು ನೀವು ಬಂದಿದ್ದೀರಿ. ಆ ಮಾತು ಬಿಟ್ಟುಹೋಗುವಂಥದಲ್ಲ. ಆದರೆ ಇಂದು ನಾವು ಹೇಳಬೇಕೆಂದಿರುವುದು ಒಂದು ರೋಗದ ಸಂಗತಿ. ಅದಕ್ಕಿಂತ ಹೆಚ್ಚಾಗಿ, ರೋಗಿಗಳ ಹೆಸರು ಬರೆದಿಡುವ ಒಂದು ಪುಸ್ತಕದ ಸಂಗತಿ. ರೋಗದ ಪುಸ್ತಕಕ್ಕೂ ದುಡಿಯುವವರಿಗೂ ಏನು ಸಂಬಂಧವೆಂದು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿದರೆ ಸಂಬಂಧ ತಾನಾಗಿ ಗೊತ್ತಾಗುತ್ತದೆ.

ನಿಮ್ಮ ಈ ಆಡೂರು ಹೊಸ ಊರಲ್ಲ. ಬಾದಾಮಿ ಚಾಲುಕ್ಯರ ಕೀರ್ತಿವರ್ಮನ ಕಾಲದ ಶಾಸನ ಇಲ್ಲಿ ಸಿಕ್ಕಿದೆ. ಸಾವಿರದ ಇನ್ನೂರು ವರ್ಷಗಳ ಹಿಂದೆಯೇ ಇಲ್ಲಿ ದಾನ ಕೊಟ್ಟ ಭೂಮಿಯನ್ನು ಕಲ್ಲಿನ ಮೇಲೆ ಬರೆಸಿದರು. ಏಕೆಂದರೆ ಬರೆಯದೆ ಬಿಟ್ಟ ಭೂಮಿಯನ್ನು ನಾಳೆ ಯಾರಾದರೂ ನುಂಗಿಯಾರೆಂಬ ಭಯ. ಭೂಮಿಯ ಲೆಕ್ಕ ಅಂದಿನಿಂದ ಇಂದಿನವರೆಗೆ ಇದೆ. ದನಕರುಗಳ ಲೆಕ್ಕವಿದೆ. ಗಿರಣಿಗೆ ಬಂದ ಭತ್ತದ ಚೀಲದ ಲೆಕ್ಕವಿದೆ. ಆದರೆ ದುಡಿದು ದುಡಿದು ಕಾಲು ಬಿದ್ದುಹೋದ ಮನುಷ್ಯನ ಲೆಕ್ಕ ಎಲ್ಲಿದೆ?

ಅಂಗಡಿಕಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿಗೆ ಹೊಸ ಖಾತೆ ಪುಸ್ತಕಕ್ಕೆ ಕುಂಕುಮ ಹಚ್ಚುತ್ತೀರಿ. ಉದ್ರಿ ಕೊಟ್ಟದ್ದನ್ನು ಬರೆಯದಿದ್ದರೆ ವರ್ಷದ ಕೊನೆಗೆ ಯಾರಿಂದ ಎಷ್ಟು ಬರಬೇಕೆಂಬುದು ದೇವರಿಗೇ ಗೊತ್ತು. ಕಿರ್ದಿಯಲ್ಲಿ ದಿನದಿನದ ವ್ಯವಹಾರ ಬರೆದು, ಅದನ್ನು ಒಬ್ಬೊಬ್ಬರ ಖಾತೆಗೆ ಏರಿಸಿದಾಗಲೇ ಯಾವ ಗಿರಾಕಿ ಹೇಗೆ ನಡೆಯುತ್ತಿದ್ದಾನೆಂಬುದು ತಿಳಿಯುತ್ತದೆ. ರೋಗಿಗಳ ನೋಂದಣಿ ಪುಸ್ತಕವೆಂದರೆ ಇದೇ. ದವಾಖಾನೆಯ ಚೀಟಿ ಕಿರ್ದಿ ಇದ್ದ ಹಾಗೆ. ಆ ಚೀಟಿಗಳನ್ನೆಲ್ಲ ಕೂಡಿಸಿ, ಒಬ್ಬ ರೋಗಿಯ ಹೆಸರಿನಲ್ಲಿ ವರ್ಷಗಟ್ಟಲೆ ಮುಂದುವರಿಸುವುದು ಖಾತೆ. ನಮ್ಮಲ್ಲಿ ಚೀಟಿಗಳು ಬೇಕಾದಷ್ಟಿವೆ, ಖಾತೆ ಇಲ್ಲ.

ಇದರಿಂದ ಏನಾಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡದ್ದರಿಂದ ಹೇಳುತ್ತೇವೆ. ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಸಾಲಿ ಮಾಸ್ತರರಾಗಿದ್ದೆವು. ನಮ್ಮ ಕೈಯಲ್ಲಿ ಏಳನೆಯ ಇಯತ್ತೆ ಕಲಿತ ಒಬ್ಬ ಹುಡುಗಿ ಲೆಕ್ಕದಲ್ಲಿ ಬಹಳ ಚುರುಕಾಗಿದ್ದಳು. ಮದುವೆಯಾಗಿ ಗಂಡನ ಕಿರಾಣಿ ಅಂಗಡಿಯ ಖಾತೆಯನ್ನೆಲ್ಲ ತಾನೇ ಬರೆಯುತ್ತಿದ್ದಳು. ಒಂದು ದಿನ ಬೆಳಗ್ಗೆ ಎದ್ದರೆ ಒಂದು ಕಣ್ಣಿಗೆ ಹೊಗೆ ಮುಸುಕಿದಂತಾಯಿತು. ಕಣ್ಣಿಗೆ ಹನಿ ಔಷಧ ಕೊಟ್ಟರು. ತಿಂಗಳಲ್ಲಿ ಕಣ್ಣು ತಿಳಿಯಾಯಿತು, ಎಲ್ಲರೂ ಮರೆತರು. ಎರಡು ವರ್ಷವಾದ ಮೇಲೆ ಕಾಲು ಜೋಮು ಹಿಡಿಯಿತು, ನಡೆದರೆ ತೂರಾಡುವಂತಾಯಿತು. ರಕ್ತ ಕಡಿಮೆಯೆಂದು ಟಾನಿಕ್ಕು ಬರೆದುಕೊಟ್ಟರು. ಅದೂ ಇಳಿಯಿತು. ಮೂರನೆಯ ಸಲ ಬಂದಾಗ ಇಳಿಯಲಿಲ್ಲ. ಕೆಲಸ ತಪ್ಪಿಸಿಕೊಳ್ಳಲು ಸೋಗು ಹಾಕುತ್ತಾಳೆಂದು ಅತ್ತೆಮನೆಯಲ್ಲಿ ಆಡಿಕೊಂಡರು. ದೇವರು ಕೇಳಿಸಿದರು, ತಾಯಿತ ಕಟ್ಟಿಸಿದರು. ನಾಲ್ಕು ವರ್ಷ ಕಳೆದ ಮೇಲೆ ದೊಡ್ಡ ಊರಿನ ಒಂದು ದವಾಖಾನೆಯಲ್ಲಿ ಮಿದುಳಿನ ಸ್ಕ್ಯಾನ್ ಮಾಡಿ ರೋಗದ ಹೆಸರು ಹೇಳಿದರು: ಮಲ್ಟಿಪಲ್ ಸ್ಕ್ಲೆರೋಸಿಸ್. ಚಿಕ್ಕದಾಗಿ ಎಂ.ಎಸ್. ಎನ್ನುತ್ತಾರೆ. ಅಷ್ಟರಲ್ಲಿ ಅಂಗಡಿಯ ಬಂಡವಾಳ ಕರಗಿತ್ತು, ಹುಡುಗಿ ತವರಿಗೆ ಬಂದು ಕುಳಿತಿದ್ದಳು.

ನಾವು ಜೊತೆಗೆ ಹೋದಾಗ ಅಲ್ಲಿನ ವೈದ್ಯರನ್ನು ಕೇಳಿದೆವು: "ಸಾಹೇಬರೇ, ನಮ್ಮ ಕಡೆ ಇಂಥವರು ಇನ್ನೂ ಎಷ್ಟು ಮಂದಿ ಇದ್ದಾರೆ?" ಅವರು ಒಂದು ಗಳಿಗೆ ಸುಮ್ಮನಿದ್ದು, "ಲೆಕ್ಕ ಇಟ್ಟವರು ಯಾರು, ಮಾಸ್ತರೇ?" ಎಂದರು. ಆ ಮಾತು ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ. ಮೊದಲನೆಯ ಚೀಟಿ ಕಣ್ಣಿನದು, ಎರಡನೆಯದು ರಕ್ತದ್ದು, ಮೂರನೆಯದು ಕಾಲಿನದು. ಮೂರನ್ನೂ ಒಂದೇ ಕಡೆ ಇಟ್ಟು ನೋಡಿದವರು ಇದ್ದಿದ್ದರೆ ಎರಡನೆಯ ಸಲವೇ ರೋಗ ಸಿಕ್ಕಿಬೀಳುತ್ತಿತ್ತು.

ಈ ರೋಗ ಏನು? ಗಿರಣಿಯಲ್ಲಿ ಮೋಟಾರಿಗೆ ಹೋಗುವ ತಂತಿಗೆ ಮೇಲೆ ಹೊದಿಕೆ ಇರುತ್ತದೆ. ಹೊದಿಕೆ ಹರಿದರೆ ಕರೆಂಟು ಸರಿಯಾಗಿ ಹರಿಯುವುದಿಲ್ಲ, ಮೋಟಾರು ತಡವರಿಸುತ್ತದೆ. ನಮ್ಮ ಮಿದುಳು, ಬೆನ್ನುಹುರಿಗಳ ನರಗಳಿಗೂ ಅಂಥ ಹೊದಿಕೆ ಇದೆ. ರೋಗಾಣುಗಳೊಡನೆ ಕಾದಾಡಬೇಕಾದ ಮೈಯ ಕಾವಲು ಪಡೆಯೇ ದಾರಿ ತಪ್ಪಿ ಈ ಹೊದಿಕೆಯನ್ನು ಅಲ್ಲಲ್ಲಿ ಕಿತ್ತು ಹಾಕುವುದೇ ಎಂ.ಎಸ್. ಎಲ್ಲಿ ಕಿತ್ತಿತೋ ಅದರಂತೆ ಕಣ್ಣು ಮಸುಕಾಗಬಹುದು, ಕೈಕಾಲು ಜೋಮು ಹಿಡಿಯಬಹುದು, ಮೂತ್ರದ ಹಿಡಿತ ತಪ್ಪಬಹುದು, ಎಷ್ಟು ಮಲಗಿದರೂ ಆರದ ದಣಿವು ಬರಬಹುದು. ಬಹುಮಟ್ಟಿಗೆ 20ರಿಂದ 40ರ ಒಳಗಿನ ದುಡಿಯುವ ವಯಸ್ಸಿನಲ್ಲಿ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇದು ಅಂಟುರೋಗವಲ್ಲ, ಶಾಪವಲ್ಲ, ಸೋಗಂತೂ ಅಲ್ಲ. ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ. ಆದರೆ ಬೇಗ ಗುರುತಿಸಿದರೆ ರೋಗದ ಏಟುಗಳನ್ನು ತಡೆಯುವ ಔಷಧಗಳು ಇವೆ. ಬೇಗ ಎಂಬ ಮಾತಿನ ಮೇಲೆಯೇ ಒಂದು ಸಂಸಾರದ ಅಳಿವು ಉಳಿವು ನಿಂತಿದೆ.

ಇನ್ನು ಪುಸ್ತಕದ ಮಾತು. ದೇಶಕ್ಕೆಲ್ಲ ಒಂದೇ ರೋಗಿಗಳ ಖಾತೆ ಇಡುವ ಪದ್ಧತಿ ಶುರುವಾದದ್ದು ನಾರ್ವೆ ದೇಶದಲ್ಲಿ, 1856ರಲ್ಲಿ. ಅದು ಕುಷ್ಠರೋಗಿಗಳ ಖಾತೆ. ಅಲ್ಲಿನ ಬಡ ಒಕ್ಕಲಿಗರಲ್ಲಿಯೂ ಮೀನುಗಾರರಲ್ಲಿಯೂ ಕುಷ್ಠ ಬಹಳವಿತ್ತು. ಅದು ವಂಶದಿಂದ ಬರುವ ರೋಗವೆಂದೇ ದೊಡ್ಡ ವೈದ್ಯರು ನಂಬಿದ್ದರು. ಬರ್ಗನ್ ಊರಿನ ಹ್ಯಾನ್ಸನ್ ಎಂಬ ವೈದ್ಯ 1873ರಲ್ಲಿ ಅದರ ರೋಗಾಣುವನ್ನು ಕಂಡುಹಿಡಿದ. ಕುಷ್ಠ ಅಂಟಿನಿಂದ ಹರಡುತ್ತದೆಂದು ವಾದಿಸಲು ಅವನಿಗೆ ಈ ಖಾತೆಯ ಅಂಕಿಗಳು ಬಲವಾದ ಆಧಾರವಾದವು. ಮುಂದೆ ಆ ಖಾತೆಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹೆಸರುಗಳು ಸೇರಿದವು.

ಎಂ.ಎಸ್. ರೋಗಕ್ಕೇ ದೇಶವ್ಯಾಪಿ ಖಾತೆ ಮೊದಲು ತೆರೆದದ್ದು ಡೆನ್ಮಾರ್ಕ್, 1956ರಲ್ಲಿ. ಅದು ಇಂದಿಗೂ ನಿಂತಿಲ್ಲ. ಅರವತ್ತು ವರ್ಷದ ಲೆಕ್ಕವನ್ನು ಕೂಡಿಸಿ ನೋಡಿದಾಗ ಒಂದು ಸತ್ಯ ಹೊರಬಿತ್ತು. 1950ರ ದಶಕದಲ್ಲಿ ಅಲ್ಲಿ ವರ್ಷಕ್ಕೆ ಲಕ್ಷ ಹೆಂಗಸರಲ್ಲಿ ಸುಮಾರು 6 ಮಂದಿಗೆ ಹೊಸದಾಗಿ ರೋಗ ಬರುತ್ತಿತ್ತು. 2000ದ ದಶಕಕ್ಕೆ ಅದು 12ಕ್ಕೆ ಏರಿತ್ತು. ಗಂಡಸರಲ್ಲಿ ನಾಲ್ಕೂವರೆಯಿಂದ 6ಕ್ಕೆ ಮಾತ್ರ ಏರಿತ್ತು. ಎರಡು ತಲೆಮಾರಿನಲ್ಲಿ ಮನುಷ್ಯರ ರಕ್ತ ಬದಲಾಗುವುದಿಲ್ಲ. ಬದಲಾಗುವುದು ಬದುಕುವ ರೀತಿ. ಆದುದರಿಂದ ಹೆಂಗಸರ ಬದುಕಿನಲ್ಲಿ ಏನು ಬದಲಾಯಿತೆಂದು ಹುಡುಕಬೇಕಾದ ದಾರಿ ಗೊತ್ತಾಯಿತು. ಒಂದು ದವಾಖಾನೆಯಲ್ಲಿ ಕುಳಿತ ಒಬ್ಬ ವೈದ್ಯ, ಎಷ್ಟೇ ಜಾಣನಾಗಿರಲಿ, ಇದನ್ನು ಕಾಣಲಾರ.

ಇನ್ನೊಂದು ಉದಾಹರಣೆ ಕೇಳಿ. ಡೆನ್ಮಾರ್ಕ್, ಸ್ವೀಡನ್ ನೆರೆಹೊರೆಯ ದೇಶಗಳು, ಎರಡರಲ್ಲಿಯೂ ಖಾತೆ ಇದೆ. 2013ರಿಂದ 2016ರವರೆಗೆ ಔಷಧ ಆರಂಭಿಸಿದ ರೋಗಿಗಳನ್ನು ಹೋಲಿಸಿ ನೋಡಿದರು. ಬಲವಾದ ಔಷಧವನ್ನು ಮೊದಲಿಗೇ ಕೊಟ್ಟದ್ದು ಡೆನ್ಮಾರ್ಕಿನಲ್ಲಿ ನೂರರಲ್ಲಿ ಸುಮಾರು 8 ಮಂದಿಗೆ, ಸ್ವೀಡನ್ನಿನಲ್ಲಿ ಸುಮಾರು 34 ಮಂದಿಗೆ. ಸ್ವೀಡನ್ನಿನ ಪದ್ಧತಿಯಲ್ಲಿ ಅಂಗವೈಕಲ್ಯ ಹೆಚ್ಚುವ ಪ್ರಮಾಣ ನೂರಕ್ಕೆ 29ರಷ್ಟು ಕಡಿಮೆಯೆಂದು 2021ರಲ್ಲಿ ಪ್ರಕಟವಾಯಿತು. ಎರಡು ಗಿರಣಿಗಳ ಹಾಜರಿ ಪುಸ್ತಕ ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ಯಾವ ಗಿರಣಿಯಲ್ಲಿ ಕೈಬೆರಳು ಹೆಚ್ಚು ತುಂಡಾಗುತ್ತಿವೆಯೆಂದು ತಿಳಿಯುವುದಿಲ್ಲವೇ? ಹಾಗೆಯೇ ಇದು.

ಹಣದ ಮಾತಿಗೂ ಬರೋಣ. ರಿಟುಕ್ಸಿಮ್ಯಾಬ್ ಎಂಬ ಒಂದು ಹಳೆಯ ಔಷಧವಿದೆ. ಮೊದಲು ಅದನ್ನು ಒಂದು ಬಗೆಯ ಕ್ಯಾನ್ಸರಿಗೆ ಕೊಡುತ್ತಿದ್ದರು. ಎಂ.ಎಸ್. ರೋಗಕ್ಕೂ ಅದು ಗುಣಕಾರಿಯೆಂದು ಸ್ವೀಡನ್ನಿನ ವೈದ್ಯರಿಗೆ ಕಂಡಿತು. ಹಳೆಯ ಔಷಧಕ್ಕೆ ಹೊಸ ಪರವಾನಗಿ ಪಡೆಯಲು ಹಣ ಸುರಿಯುವ ಉತ್ಸಾಹ ಕಂಪನಿಗಳಿಗೆ ಇರಲಿಲ್ಲ; ಲಾಭವಿರುವುದು ಹೊಸ ದುಬಾರಿ ಔಷಧದಲ್ಲಿ. ಆದರೆ ಆ ವೈದ್ಯರು ಕೊಟ್ಟದ್ದನ್ನೂ ಆದದ್ದನ್ನೂ ಖಾತೆಯಲ್ಲಿ ಬರೆಯುತ್ತ ಹೋದರು. ಆಮೇಲೆ ಅದನ್ನು ಇನ್ನೊಂದು ಔಷಧದೊಡನೆ ಕ್ರಮಬದ್ಧವಾಗಿ ಪರೀಕ್ಷಿಸಿದರು. ಎರಡು ವರ್ಷದಲ್ಲಿ ರೋಗ ಮರುಕಳಿಸಿದ್ದು ಆ ಇನ್ನೊಂದು ಔಷಧ ತೆಗೆದುಕೊಂಡವರಲ್ಲಿ ನೂರಕ್ಕೆ 16 ಮಂದಿಗೆ, ಇದನ್ನು ತೆಗೆದುಕೊಂಡವರಲ್ಲಿ ನೂರಕ್ಕೆ 3 ಮಂದಿಗೆ. ಇದು 2022ರಲ್ಲಿ ಪ್ರಕಟವಾಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಎಂ.ಎಸ್. ರೋಗದ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಇದೇ ಔಷಧದ ಭಾರತೀಯ ರೂಪ 2007ರಿಂದ ನಮ್ಮ ದೇಶದಲ್ಲಿ ತಯಾರಾಗುತ್ತಿದೆ. ಇದನ್ನು ಅಂಗಡಿಯಿಂದ ತಂದು ಚುಚ್ಚಿಸಿಕೊಳ್ಳಿರೆಂದು ನಾವು ಹೇಳುತ್ತಿಲ್ಲ. ಯಾರಿಗೆ ಯಾವುದೆಂದು ಹೇಳುವವರು ತಜ್ಞ ವೈದ್ಯರೇ. ನಾವು ಹೇಳುವುದಿಷ್ಟೆ: ಪ್ರಾಮಾಣಿಕವಾಗಿ ಬರೆದ ಲೆಕ್ಕ ಬಡವನ ಪರವಾಗಿ ಸಾಕ್ಷಿ ನುಡಿಯುತ್ತದೆ.

ಇದೆಲ್ಲ ಶ್ರೀಮಂತ ದೇಶಗಳ ಕಥೆ, ನಮ್ಮ ಮಣ್ಣಿನಲ್ಲಿ ಬೆಳೆಯುವುದಿಲ್ಲವೆಂದು ಕೆಲವರು ಮೂಗು ಮುರಿಯಬಹುದು. ಅವರಿಗೆ ಪಕ್ಕದ ಸೊರಬ ತಾಲೂಕನ್ನು ತೋರಿಸುತ್ತೇವೆ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಹಿಂದೆಯೇ ಜನರು ಜ್ವರದಿಂದ ಸತ್ತರು. ಎಲ್ಲಿ ಮಂಗ ಸತ್ತಿತು, ಯಾರಿಗೆ ಯಾವಾಗ ಜ್ವರ ಬಂತೆಂದು ಊರೂರಲ್ಲಿ ಬರೆದುಕೊಂಡು ಹೋದುದರಿಂದಲೇ ಅದು ಉಣ್ಣೆಯಿಂದ ಹರಡುವ ಹೊಸ ರೋಗವೆಂದು ಗೊತ್ತಾಯಿತು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆದಿದೆ. ಕ್ಷಯರೋಗಿಗಳ ಹೆಸರು 'ನಿಕ್ಷಯ್' ಖಾತೆಗೆ ಏರುತ್ತದೆ. ಹೆಸರು ಇದ್ದುದರಿಂದಲೇ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರತೊಡಗಿತು, 2024ರ ನವೆಂಬರಿನಿಂದ ಅದು 1000 ಆಯಿತು. ಖಾತೆಯಲ್ಲಿ ಹೆಸರಿಲ್ಲದವನಿಗೆ ಸರಕಾರ ದುಡ್ಡು ಕಳಿಸುವುದು ಯಾವ ವಿಳಾಸಕ್ಕೆ?

ಎಂ.ಎಸ್. ರೋಗಕ್ಕೂ ನಮ್ಮ ನಾಡಿನಲ್ಲಿ ಇಂಥ ಕೆಲಸ ನಡೆದಿದೆ. ಮಂಗಳೂರಿನ ಬಳಿ ದೇರಳಕಟ್ಟೆಯಲ್ಲಿ ನಿಟ್ಟೆ ವಿಶ್ವವಿದ್ಯಾಲಯದ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತರು ಈ ಬಗೆಯ ನರರೋಗಗಳ ನೋಂದಣಿ ಪುಸ್ತಕ ತೆರೆದರು. ಭಾರತದಲ್ಲಿ ಎಂ.ಎಸ್. ಬಹಳ ಅಪರೂಪ, ಲಕ್ಷಕ್ಕೆ ಒಬ್ಬರೋ ಇಬ್ಬರೋ ಎಂದು ಹಿಂದೆ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಅವರು ಮಂಗಳೂರು ನಗರದಲ್ಲಿ ಎಣಿಸಿ ನೋಡಿದಾಗ ಲಕ್ಷಕ್ಕೆ ಎಂಟಕ್ಕಿಂತ ಹೆಚ್ಚು ಸಿಕ್ಕಿತು. ಇದು 2014ರಲ್ಲಿ ಅಚ್ಚಾಯಿತು. ಎಣಿಸದೆ ಇದ್ದುದಕ್ಕೆ ಅಪರೂಪವೆಂದು ಹೆಸರಿಟ್ಟಿದ್ದೆವು!

ಆ ಎಣಿಕೆಯಲ್ಲಿ ಇನ್ನೊಂದು ಸಂಗತಿ ಇದೆ. ಎಂ.ಎಸ್. ಹಾಗೆಯೇ ಕಾಣುವ, ಆದರೆ ಬೇರೆಯಾದ ಒಂದು ರೋಗವಿದೆ, ಎನ್.ಎಂ.ಓ. ಎನ್ನುತ್ತಾರೆ. ಮಂಗಳೂರಿನಲ್ಲಿ ಅದು ಲಕ್ಷಕ್ಕೆ ಎರಡೂವರೆಯಷ್ಟು ಕಂಡಿತು. ಅದನ್ನು ಗುರುತಿಸಲು ಒಂದು ರಕ್ತಪರೀಕ್ಷೆ ಇದೆ. ಗುರುತಿಸದೆ, ಎಂ.ಎಸ್. ರೋಗಕ್ಕೆ ಕೊಡುವ ಇಂಟರ್‌ಫೆರಾನ್ ಚುಚ್ಚುಮದ್ದನ್ನು ಈ ರೋಗಿಗೆ ಕೊಟ್ಟರೆ ರೋಗ ಕೆರಳುತ್ತದೆ. ಹಣ ಕೊಟ್ಟು ಕೇಡು ಕೊಂಡಂತೆ. ಪರದೇಶದ ಖಾತೆಯನ್ನೇ ನೆಚ್ಚಿಕೊಂಡರೆ ನಮ್ಮ ಜನರ ರೋಗ ನಮಗೆ ತಿಳಿಯದೆನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2021ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ, ದಿಲ್ಲಿಯ ಏಮ್ಸ್ ಮುಂದಾಳತ್ವದಲ್ಲಿ, ದೇಶದ ಅನೇಕ ದೊಡ್ಡ ದವಾಖಾನೆಗಳು ಕೂಡಿದ ರಾಷ್ಟ್ರೀಯ ನೋಂದಣಿ ಆರಂಭವಾಗಿದೆ. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಸ್ವಾಗತಿಸುತ್ತಲೇ ಅದರ ಕೊರತೆಯನ್ನೂ ಹೇಳಬೇಕು. ದೊಡ್ಡ ದವಾಖಾನೆಯ ಪುಸ್ತಕದಲ್ಲಿ ಹೆಸರು ಬರಬೇಕಾದರೆ ರೋಗಿ ಮೊದಲು ಅಲ್ಲಿಗೆ ಮುಟ್ಟಬೇಕು. ಮುಟ್ಟುವವರು ಯಾರು? ಬಸ್ಸಿನ ಚಾರ್ಜು, ಸ್ಕ್ಯಾನಿನ ಹಣ, ಎರಡು ದಿನದ ಕೂಲಿ ಕಳೆದುಕೊಳ್ಳುವ ಶಕ್ತಿ ಇದ್ದವರು. ಹಮಾಲಿ ಮಾಡುವವನ ಕಾಲು ಸೋತರೆ ಅವನು ಕುಡಿದಿದ್ದಾನೆನ್ನುತ್ತಾರೆ; ಮರುದಿನ ಬೇರೆಯವನು ಚೀಲ ಹೊರುತ್ತಾನೆ. ಸೊಸೆಯ ಕಾಲು ಸೋತರೆ ತವರಿಗೆ ಕಳಿಸುತ್ತಾರೆ. ಇವರ ಹೆಸರು ಯಾವ ಪುಸ್ತಕದಲ್ಲಿಯೂ ಬರುವುದಿಲ್ಲ. ಆಮೇಲೆ ಪುಸ್ತಕ ನೋಡಿದವರು, "ಇದು ಪಟ್ಟಣದ ಓದಿದವರ ರೋಗ" ಎನ್ನುತ್ತಾರೆ! ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು 1993ರಿಂದ 1995ರವರೆಗೆ ಬೆಂಗಳೂರಿನಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ 1,02,557 ಮಂದಿಯನ್ನು ವಿಚಾರಿಸಿದರು. ಎಲ್ಲ ಬಗೆಯ ನರರೋಗಗಳನ್ನು ಕೂಡಿಸಿದಾಗ ಪಟ್ಟಣಕ್ಕಿಂತ ಹಳ್ಳಿಯಲ್ಲಿ ಪ್ರಮಾಣ ಸುಮಾರು ಇಮ್ಮಡಿಯಾಗಿತ್ತು. ಬಾಗಿಲಿಗೆ ಹೋಗಿ ಕೇಳಿದ ಲೆಕ್ಕಕ್ಕೂ ಬಾಗಿಲಿಗೆ ಬಂದವರ ಲೆಕ್ಕಕ್ಕೂ ಇರುವ ಅಂತರ ಇದು.

ನಮ್ಮ ಹಾವೇರಿ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ ಸುಮಾರು 16 ಲಕ್ಷ. ಮಂಗಳೂರಿನ ಪ್ರಮಾಣವೇ ಇಲ್ಲಿಯೂ ಇದೆಯೆಂದು ಹಿಡಿದರೆ 128 ಎಂ.ಎಸ್. ರೋಗಿಗಳಾಗುತ್ತಾರೆ. ಪಟ್ಟಣದ ಅಳತೆ ಹಳ್ಳಿಗೆ ಒಪ್ಪದೆಂದು ಅರ್ಧಕ್ಕೆ ಇಳಿಸಿದರೂ 64 ಮಂದಿ. ಆ 64 ಮಂದಿಯ ಹೆಸರು ಹೇಳಬಲ್ಲವರು ಯಾರಾದರೂ ಈ ಸಭೆಯಲ್ಲಿದ್ದರೆ ಎದ್ದು ನಿಲ್ಲಿರಿ. ನಮಗೆ ಗೊತ್ತಿರುವುದು ಒಂದೇ ಹೆಸರು.

ಇನ್ನು ನಿಮ್ಮ ಮನಸ್ಸಿನಲ್ಲಿರುವ ಅಂಜಿಕೆಯ ಮಾತು. ಹೆಸರು ಬರೆಸಿದರೆ ಊರಿಗೆಲ್ಲ ಗೊತ್ತಾಗುತ್ತದೆ, ತಂಗಿಯ ಮದುವೆ ನಿಲ್ಲುತ್ತದೆ, ಗಿರಣಿಯ ಮಾಲಕ ಕೆಲಸದಿಂದ ತೆಗೆಯುತ್ತಾನೆ. ಈ ಅಂಜಿಕೆ ಹುಸಿಯಲ್ಲ. ಮೊದಲು ಹೊಗಳಿದ ಆ ನಾರ್ವೆ ದೇಶದಲ್ಲಿಯೇ 1885ರ ಕಾನೂನಿನಿಂದ ಕುಷ್ಠರೋಗಿಗಳನ್ನು ಬಲವಂತವಾಗಿ ಬೇರೆ ಇಡಲು ಅಧಿಕಾರ ಕೊಟ್ಟರು. ಪುಸ್ತಕ ಕತ್ತಿಯಿದ್ದ ಹಾಗೆ. ಹಿಡಿ ಯಾರ ಕೈಯಲ್ಲಿದೆಯೆಂದು ನೋಡಬೇಕು. ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಿರಲಿ. ರೋಗಿಗೆ ಅವನ ಭಾಷೆಯಲ್ಲಿ ತಿಳಿಹೇಳಿ, ಅವನು ಒಪ್ಪಿದ ಮೇಲೆಯೇ ಬರೆಯಬೇಕು. ಸಂಶೋಧಕರ ಕೈಗೆ ಹೋಗುವ ಕಾಗದದಲ್ಲಿ ಹೆಸರಿನ ಬದಲು ಬರಿಯ ಅಂಕಿ ಇರಬೇಕು. ಮಾಲಕರಿಗೆ, ವಿಮೆ ಕಂಪನಿಗಳಿಗೆ, ಔಷಧ ಕಂಪನಿಗಳಿಗೆ ಹೆಸರು ಸಿಗಕೂಡದು. ಜನರ ಖಾಸಗಿ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿದೆ. ಕಾನೂನು ಕಾಗದದಲ್ಲಿ ಮಲಗದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.

ಅಡಗಿಸಿಟ್ಟರೂ ಸುಖವಿಲ್ಲ, ಬಂಧುಗಳೇ. 2016ರ ವಿಕಲಚೇತನರ ಹಕ್ಕುಗಳ ಕಾನೂನು ಎಂ.ಎಸ್. ರೋಗವನ್ನು ಹೆಸರು ಹೇಳಿಯೇ ಪಟ್ಟಿಯಲ್ಲಿ ಸೇರಿಸಿದೆ. ಪ್ರಮಾಣಪತ್ರ ಪಡೆದವರಿಗೆ ಕೆಲವು ಹಕ್ಕುಗಳಿವೆ. ಸರಕಾರಿ ನೌಕರನಿಗೆ ನೌಕರಿಯಲ್ಲಿದ್ದಾಗ ವೈಕಲ್ಯ ಬಂದರೆ ಅವನನ್ನು ತೆಗೆದುಹಾಕುವಂತಿಲ್ಲವೆಂದೂ ಆ ಕಾನೂನಿನಲ್ಲಿದೆ. ಆದರೆ ಈ ರಕ್ಷಣೆ ಗಿರಣಿಯ ಕೂಲಿಕಾರನಿಗೆ ಏಕಿಲ್ಲ? ಅವನ ನರಗಳು ಬೇರೆ ಹೊದಿಕೆಯಿಂದ ಆಗಿವೆಯೇ? ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬೇಕಾದರೆ ನಮ್ಮ ಕೈಯಲ್ಲಿ ಲೆಕ್ಕವಿರಬೇಕು. ಕೂಲಿಯ ಹೋರಾಟದಲ್ಲಿ ಹಾಜರಿ ಪುಸ್ತಕವಿಲ್ಲದೆ ನಾವು ಯಾವ ಅಧಿಕಾರಿಯ ಮುಂದೆಯಾದರೂ ಗೆದ್ದದ್ದುಂಟೇ?

ಈಗ ಮಾಡಬೇಕಾದ ಕೆಲಸ. ಒಂದು, ದುಡಿಯುವ ವಯಸ್ಸಿನವರಿಗೆ ಇದ್ದಕ್ಕಿದ್ದಂತೆ ಒಂದು ಕಣ್ಣು ಮಸುಕಾದರೆ, ಕೈಕಾಲು ದಿನಗಟ್ಟಲೆ ಜೋಮು ಹಿಡಿದರೆ, ಬಂದು ಹೋಗಿ ಮತ್ತೆ ಬಂದರೆ, ತಾನಾಗಿ ಇಳಿಯಿತೆಂದು ಸುಮ್ಮನಿರಬೇಡಿರಿ. ನರರೋಗ ತಜ್ಞರಿಗೆ ತೋರಿಸಿರಿ. ಎರಡು, ಪ್ರತಿಯೊಂದು ಚೀಟಿಯನ್ನೂ, ಸ್ಕ್ಯಾನಿನ ಪಟವನ್ನೂ ತಾರೀಖಿನೊಡನೆ ಒಂದು ಚೀಲದಲ್ಲಿ ಜೋಪಾನವಾಗಿಡಿರಿ. ಸರಕಾರದ ಪುಸ್ತಕ ಬರುವವರೆಗೆ ಅದೇ ನಿಮ್ಮ ಖಾತೆ. ಮೂರು, ಊರಲ್ಲಿ ಕಾಲು ಸೋತು ಮನೆ ಹಿಡಿದವರಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ನಾಲ್ಕು, ಜಿಲ್ಲಾ ಆಸ್ಪತ್ರೆಯಲ್ಲಿ ನರರೋಗ ತಜ್ಞರು ಗೊತ್ತಾದ ದಿನ ಕುಳಿತುಕೊಳ್ಳಬೇಕು, ಅವರು ಕಂಡ ರೋಗಿಗಳ ವಿವರ ರಾಷ್ಟ್ರೀಯ ನೋಂದಣಿಗೆ ಹೋಗಬೇಕು, ಪ್ರಮಾಣಪತ್ರಕ್ಕಾಗಿ ರೋಗಿ ಅಲೆಯುವಂತಾಗಬಾರದು ಎಂದು ನಾವು ಮನವಿ ಸಿದ್ಧಪಡಿಸಿದ್ದೇವೆ. ಸಭೆ ಮುಗಿದ ಮೇಲೆ ಅದರ ಮೇಲೆ ನಿಮ್ಮ ರುಜು ಬೇಕು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿರಿ.

ಆ ಹುಡುಗಿ ಈಗ ಗೋಡೆ ಹಿಡಿದು ನಡೆಯುತ್ತಾಳೆ. ಔಷಧ ನಡೆದಿದೆ, ಹೊಸ ಏಟು ಬಿದ್ದಿಲ್ಲ. ಹೋದ ತಿಂಗಳು ನೋಡಲು ಹೋದಾಗ ಒಂದು ನೋಟುಬುಕ್ಕು ತೋರಿಸಿದಳು. ಕಣ್ಣು ಮಸುಕಾದ ದಿನದಿಂದ ಹಿಡಿದು ಯಾವ ತಾರೀಖಿಗೆ ಏನಾಯಿತು, ಯಾವ ಔಷಧ, ಎಷ್ಟು ಖರ್ಚು, ಎಲ್ಲವನ್ನೂ ಅಂಗಡಿಯ ಖಾತೆಯಂತೆ ಗೆರೆ ಹೊಡೆದು ಬರೆದಿದ್ದಾಳೆ. "ಮಾಸ್ತರೇ, ಇದನ್ನು ಯಾರಿಗೆ ಕೊಡಬೇಕು?" ಎಂದು ಕೇಳಿದಳು. ನಮ್ಮ ಬಳಿ ಉತ್ತರವಿರಲಿಲ್ಲ. ಆ ಉತ್ತರವನ್ನು ಸರಕಾರದಿಂದ ಪಡೆದುಕೊಂಡು ಬರೋಣ ಬನ್ನಿರೆಂದು ಕೇಳಿಕೊಳ್ಳುವುದಕ್ಕಾಗಿಯೇ ಇಂದು ನಿಮ್ಮ ಊರಿಗೆ ಬಂದೆವು.